ತಳ ಮುಟ್ಟದ ಕಾಲು

ತೂಗುತ್ತಿವೆ, ಹಲಗೆಯಿಂದ ಕೆಳಗೆ ಮಗಳು ದುರ್ಗಿಯ ಎರಡೂ ಕಾಲು, ಅಂಗಾಲಿಗೂ ದೋಣಿಯ ತಳಕ್ಕೂ ಇನ್ನೂ ನಾಲ್ಕು ಬೆರಳು ಬಾಕಿ, ಹೊಸ ಗೆಜ್ಜೆ ಒಂದಕ್ಕೊಂದು ತಾಗಿ ಕಿಣಿಕಿಣಿ, ಸುಮ್ನೆ ಕೂತ್ಕೊಳ್ಳೇ ಎನ್ನಬೇಕು, ಬಾಯಿ ಬರುವುದಿಲ್ಲ, ಸಾಕಾಗಿದೆ, ಕೋಳಿ ಕೂಗುವ ಮೊದಲೇ ಅಂಕೋಲೆಯಲ್ಲಿ ಮೋಟಾರು ಹತ್ತಿದ್ದು, ಅಮದಳ್ಳಿ ದಾಟುವಾಗ ಇವಳು ವಾಂತಿ ಮಾಡಿದ್ದು, ಆ ಹುಳಿ ವಾಸನೆ ನನ್ನ ಸೆರಗಿನಲ್ಲಿ ಇನ್ನೂ ಇದೆ — ಇವಳಿಗೆ ಇವತ್ತು ಮದುವೆ. ಹತ್ತು ವರ್ಷ. ಇಲ್ಲಿ ಸರಕಾರದ ಕಾಯಿದೆ ಬಂದದೆ, ಹದಿನಾಲ್ಕು ತುಂಬಬೇಕಂತೆ, ಗಡಿ ದಾಟಿ ಗೋವೆಯಲ್ಲಿ ಮಾಡಿದ್ರೆ ಕೇಳೂವವರಿಲ್ಲ ನೀಲಾ, ಅಂದರು ಭಾವ, ನನ್ನ ಗಂಡನ ಅಣ್ಣ, ಮನೆಯ ಯಜಮಾನರು, ಅಗೋ ದೋಣಿಯ ಮುಂದಿನ ತುದಿಯಲ್ಲಿ ತೆಂಗಿನಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ, ಹೊಳೆ ದಾಟಿದರೆ ಗಾಡಿ, ಗಾಡಿ ಇಳಿದರೆ ಚಪ್ಪರ, ಚಪ್ಪರದಲ್ಲಿ ಇಪ್ಪತ್ತೈದರ ಗಂಡು. ಮತ್ತೆ ಇವಳ ಅಪ್ಪ? ಇವಳ ಅಪ್ಪ ಧಾರವಾಡದಲ್ಲಿ, ಹೊಸ ಕೋಟು ತೊಟ್ಟು. ಮಕ್ಕಳಿಗೆಂದು ಬರೆದ ಕಾದಂಬರಿಗೆ ಅಲ್ಲಿಯ ಸಭೆಯವರು ಬೆಳ್ಳಿ ಪದಕ ಕೊಡುತ್ತಾರೆ, ಇವತ್ತೇ ಸಂಜೆ, ಎಷ್ಟು ಚೆಂದದ ದಿನ ಸಿಕ್ಕಿತು! ಅಣ್ಣನ ಮಾತು ಮೀರೂದು ಹ್ಯಾಗೆ, ನೀನೇ ಸಂಬಾಳಿಸು ಎಂದು ಹೊರಟೇಬಿಟ್ಟರು ನಮ್ಮ ಮಾಸ್ತರರು. ಪುಸ್ತಕದ ಹುಡುಗಿಯನ್ನು ಮಾತ್ರ ಹದಿನಾರರವರೆಗೆ ಬೆಳೆಸಿದರು, ಅವಸರವೇ ಇಲ್ಲ, ಮರ ಹತ್ತಿಸಿದರು, ಜ್ವರ ಬರಿಸಿ ವಾಸಿ ಮಾಡಿದರು, ಶಾಲೆಗೆ ಕಳಿಸಿದರು — ಅವಳ ಮೇಲೆ ಯಾವ ಅಣ್ಣನ ಮಾತೂ ನಡೆಯಲಿಲ್ಲ.

ಕೊನೆಯ ಪುಟದಲ್ಲಿ ಅವಳು ಇದೇ ದೋಣಿಯಲ್ಲಿ ಕೂರುತ್ತಾಳೆ, ಆ ದಿನ ಅವಳ ಕಾಲು ತಳಕ್ಕೆ ತಾಗಿತು, ಅಲ್ಲಿಗೆ ಕತೆ ಮುಗಿಯಿತು, ಅದನ್ನು ಓದಿ ಕಣ್ಣು ತುಂಬಿತು ಎಂದರಂತೆ ಸಭೆಯವರು. ಅದು ಯಾರ ಕಾಲು? ನನ್ನದು. ಹಣಕೋಣದಿಂದ ಮದುವಣಗಿತ್ತಿಯಾಗಿ ಬಂದಾಗ ನನಗೆ ಒಂಬತ್ತು, ಇದೇ ಹೊಳೆ, ಹೀಗೇ ಹಲಗೆ, ಹೀಗೇ ತೂಗುವ ಕಾಲು, ಅಜ್ಜಿ ಕೊಟ್ಟ ಬೆಲ್ಲ ಅಂಗೈಯಲ್ಲೇ ಕರಗಿ ಅಂಟಂಟು, ತವರಿಗೆ ಹೋಗಿಬರುವಾಗೆಲ್ಲ ಬಗ್ಗಿ ನೋಡುತ್ತಿದ್ದೆ ತಾಗಿತೋ ಎಂದು, ತಾಗಿದ ದಿನ ದುರ್ಗಿ ಹೊಟ್ಟೆಯಲ್ಲಿದ್ದಳು. ಅನ್ನ ಬಡಿಸುತ್ತ ಒಮ್ಮೆ ಅವರಿಗೆ ಹೇಳಿದ್ದೆ, ಹೊಟ್ಟೆಯಲ್ಲಿದ್ದವಳನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡರು, ಒಲೆಯ ಮುಂದೆ ಕೂತು ನನಗೇ ಓದಿ ಹೇಳಿದರು, ಹ್ಯಾಗಿದೆ ಎಂದು ಕೇಳಿದರು, ಚೆಂದ ಉಂಟು ಅಂದೆ, ಚೆಂದ ಇತ್ತು, ಸುಳ್ಳು ಹೇಳಲಿಲ್ಲ — ಆಯಿ, ಅನ್ನುತ್ತಾಳೆ ದುರ್ಗಿ, ಅಪ್ಪನ ಪುಸ್ತಕದ ಹುಡುಗಿದು ಕಾಲು ಎಷ್ಟನೇ ವರ್ಷಕ್ಕೆ ತಾಗ್ತು? ಹದಿನಾರಕ್ಕೆ. ನಂದು? ನಿಂದು, ನಿಂದು ಯಾರಿಗೆ ಗೊತ್ತು ಮಗಾ. ಅಷ್ಟರಲ್ಲಿ ಮರಳಿಗೆ ದೋಣಿ ಉಜ್ಜಿತು, ಜನ ಎದ್ದರು, ಭಾವ ಇಳಿದು ಕೈ ಚಾಚಿದ್ದಾರೆ, ಇಳೀರಿ ಇಳೀರಿ, ಮುಹೂರ್ತ ನಮ್ಮನ್ನ ಕಾಯ್ತದಾ? ಏಳಬೇಕು. ಏಳು ಎಂದು ಮೈಗೆ ಹೇಳುತ್ತೇನೆ, ಇಷ್ಟು ವರ್ಷ ಯಾರು ಹೇಳಿದರೂ ಎದ್ದ ಮೈ, ಇವತ್ತು ಏಳುವುದಿಲ್ಲ, ಧೈರ್ಯ ಗೀರ್ಯ ಏನೂ ಅಲ್ಲ, ದಣಿವು, ಬರೀ ದಣಿವು, ಜಟ್ಟಿ, ದೋಣಿ ತಿರುಗಿ ಹೋಗೂದು ಯಾವಾಗ, ಇದು ನನ್ನ ದನಿಯೇ? ಈಗ್ಲೇ ಅಮ್ಮಾ, ಆಚೆ ಹೋಗೂವವರು ಹತ್ತಿದ ಕೂಡ್ಲೆ, ನೀವು ಇಳೀರಿ, ಅನ್ನುತ್ತಾನೆ ಅಂಬಿಗ ಜಟ್ಟಿ, ಹುಟ್ಟು ಹಿಡಿದುಕೊಂಡೇ. ನಾವು ಇಳಿಯೂದಿಲ್ಲ. ನೀಲಾ! ಹುಚ್ಚು ಹಿಡೀತಾ ನಿಂಗೆ, ನಮ್ದು ಮರ್ಯಾದೆ ಎಂತ ಉಳೀತು — ಭಾವನ ಮುಖ ಕೆಂಪಗಾಗಿದೆ, ಮೀನುಬುಟ್ಟಿಯ ಹೆಂಗಸರು ಹತ್ತುತ್ತಿದ್ದಾರೆ, ದೋಣಿ ವಾಲುತ್ತಿದೆ, ನಾಳೆ ಮನೆಗೆ ಸೇರಿಸುತ್ತಾರೋ ಇಲ್ಲವೋ, ಹೆದರಿಕೆಗೆ ನನ್ನ ಕಣ್ಣಲ್ಲಿ ನೀರು, ದುರ್ಗಿಗೆ ಅದು ಕಂಡುಬಿಟ್ಟಿದೆ, ಆಯಿ ಅಳ್ಬೇಡ, ನಾನು ದೊಡ್ಡವಳಾದೆ ನೋಡು, ಹಲಗೆಯ ಅಂಚಿನವರೆಗೂ ಜಾರಿ, ಬೆನ್ನು ಬಗ್ಗಿಸಿ, ದೋಣಿಯ ತಳದಲ್ಲಿ ನಿಂತ ನೀರೊಳಗೆ ಬಲಗಾಲು ಚಾಚಿ, ತಾಗ್ತು ಆಯಿ, ತಾಗ್ತು ನೋಡು, ಹೆಬ್ಬೆರಳು, ಹೆಬ್ಬೆರಳಿನ ತುದಿಯಷ್ಟೇ, ಗೆಜ್ಜೆ ಸುಮ್ಮನಾಗಿದೆ, ಆ ಹೆಬ್ಬೆರಳು —