ಮೂರನೆಯ ಕರೆ

"ಈ ತಿಂಗಳು ಬರೀ ಏಳು ದಾವೆ ಕಣ್ರೀ, ಗೌಡ್ರೇ. ಅದ್ರಲ್ಲೂ ಒಂದು, ಮೇಕೆ ಬೆಲೆಗೆ ಹೂಡಿರೋದು," ಎಂದು ಮುನ್ಸೀಫ್ ಕೋರ್ಟಿನ ಗುಮಾಸ್ತ ಧರ್ಮಲಿಂಗಂ ರಿಜಿಸ್ಟರನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟ. "ಮೇಕೆ ದಾವೆಯಿಂದ ನಿಮಗೆ ನಾಲ್ಕು ಮೊಳೆ ಬಂದಾವು. ತಗಡು ಬರಲ್ಲ."

ಕಾರಿಬೆಟ್ಟ ಗೌಡ ರಿಜಿಸ್ಟರನ್ನು ನೋಡಲಿಲ್ಲ. ಕಿಟಕಿಯಾಚೆ ಅವನೇ ಎಬ್ಬಿಸಿದ ಗೋಡೆಗಳು ತಲೆಯಿಲ್ಲದೆ ನಿಂತಿದ್ದವು. ಕಕ್ಷಿದಾರರು ಮಳೆಯಲ್ಲಿ ನೆನೆಯದಂತೆ ಉದ್ದನೆಯ ಒಂದು ಜಗಲಿ, ಅದರ ಹಿಂದೆ ಕಾಗದಪತ್ರಗಳ ಕೋಣೆ, ಇಷ್ಟೇ ಕಂತ್ರಾಟು. ಸರಕಾರ ಬೊಕ್ಕಸದಿಂದ ಕಾಸು ಬಿಚ್ಚಲಿಲ್ಲ. ದಾವೆ ಹೂಡುವವರು ಕಟ್ಟುವ ಶುಲ್ಕದಲ್ಲಿ ರೂಪಾಯಿಗೆ ನಾಲ್ಕಾಣೆ ಕಟ್ಟಡಕ್ಕೆಂದು ಎತ್ತಿಡಬೇಕು, ಎತ್ತಿಟ್ಟಷ್ಟೇ ಕೆಲಸ ನಡೆಯಬೇಕು ಎಂದು ಮೇಲಿನವರ ಹುಕುಮು. ಇಪ್ಪತ್ತೈದನೆಯ ಇಸವಿಯಲ್ಲಿ ಕರಾರಿಗೆ ರುಜು ಹಾಕುವಾಗ ಕಾರಿಬೆಟ್ಟನಿಗೆ ಇದು ಸರಿಯಾಗಿಯೇ ಕಂಡಿತ್ತು. ಜನ ಜಗಳವಾಡುವುದನ್ನು ಯಾವ ಕಾಲಕ್ಕೆ ಬಿಟ್ಟಾರು? ಕೀಳ್ ಕೋತಗಿರಿಯ ಎಸ್ಟೇಟಿನವರು, ಪೇಟೆಯ ಸಾಹುಕಾರರು ಮೊದಲ ವರ್ಷ ಧಾರಾಳವಾಗಿ ಜಗಳವಾಡಿ ಪಾಯ, ಗೋಡೆ ಎರಡನ್ನೂ ಎಬ್ಬಿಸಿಕೊಟ್ಟರು. ಆಮೇಲೆ ಅದೇನಾಯಿತೋ, ಬೆಟ್ಟಕ್ಕೆ ಬೆಟ್ಟವೇ ಸಾಧುವಾಯಿತು. ಚಾವಣಿಯ ತಗಡು ರೈಲು ಸ್ಟೇಷನ್ನಿನ ಗೋದಾಮಿನಲ್ಲಿ ದುಡ್ಡು ಕಟ್ಟುವವರಿಲ್ಲದೆ ಬಿದ್ದಿತ್ತು.

"ಮಳೆಗೆ ಇನ್ನು ಇಪ್ಪತ್ತು ದಿನ," ಎಂದ ಕಾರಿಬೆಟ್ಟ. "ಮಣ್ಣುಗಾರೆ ಗೋಡೆ. ಎರಡು ಮಳೆಗೆ ಕರಗೀತು."

"ಕರಗಿದ್ರೆ ನಿಮ್ಮ ಖರ್ಚಲ್ಲೇ ಮತ್ತೆ ಎಬ್ಬಿಸ್ಬೇಕು. ಕರಾರಿನ ಒಂಬತ್ತನೇ ಕಲಮು." ಧರ್ಮಲಿಂಗಂ ಕೊಳ್ಳೇಗಾಲದ ಕಡೆಯವನು; ಕೆಟ್ಟ ಸುದ್ದಿಯನ್ನೂ ನಗುತ್ತ ಹೇಳುವ ಸ್ವಭಾವ. "ನಾನು ಬಂದು ಆರು ವರ್ಷ ಆಯ್ತು. ನಿಮ್ಮ ಹಟ್ಟಿಯಿಂದ ಒಂದೇ ಒಂದು ದಾವೆ ಕಂಡಿಲ್ಲ. ಅಲ್ಲಿ ಗೌಡ್ರಾಗಿ ಎಲ್ರನ್ನೂ ರಾಜಿ ಮಾಡಿಸ್ತೀರಿ, ಇಲ್ಲಿ ಬಂದು ಚಾವಣಿ ಎಲ್ಲಿ ಅಂತೀರಿ! ದೊಡ್ಡ ಆಸ್ತಿಯ ಪಾಲಿನ ದಾವೆ ಒಂದು ಬೀಳ್ಲಿ, ಮಾರನೇ ದಿನ ತಗಡು ಏರಿಸ್ಕೊಳ್ಳಿ."

ಹೊರಗೆ ಕಲ್ಲುಕೆಲಸದವರ ಗುಡಿಸಲ ಮುಂದೆ ತಂಗಮಣಿ ಕಾದು ನಿಂತಿದ್ದಳು. ಅವಳ ಗಂಡ, ಮೈದುನರು ಎಲ್ಲ ಕೆಳಗಿನ ಬಯಲಿನಿಂದ ಬಂದ ಕಲ್ಲುಕುಟಿಗರು. ಕೂಲಿ ಕೈಗೆ ಬಾರದೆ ಬೆಟ್ಟ ಇಳಿಯುವಂತಿಲ್ಲ, ಕೆಲಸವಿಲ್ಲದೆ ಇರುವಂತೆಯೂ ಇಲ್ಲ.

"ಗೌಂಡರೇ, ಅರಿಸಿ ತೀರ್ತು. ಅರ್ಧ ಪಡಿ ಉಂಟು, ಅಷ್ಟೇ," ಎಂದಳು, ತಮಿಳಿಗೆ ಅವನ ಭಾಷೆ ಬೆರೆಸಿ. "ನೀವು ಕಟ್ಟಿದ ಕೋರ್ಟಲ್ಲೇ ನಿಮ್ಮ ಮೇಲೆ ಕೇಸು ಹಾಕಲಾ?"

ಅವಳ ಕಡೆಯವರು ನಕ್ಕರು. ಕಾರಿಬೆಟ್ಟನೂ ನಕ್ಕ. ಹಾಕಿದರೆ ಅದರಿಂದಲೂ ಎರಡು ಕಾಸು ಚಾವಣಿಗೆ ಬಂದೀತು ಎಂಬ ಯೋಚನೆ ಹೊಳೆದದ್ದೇ ತಡ, ಆ ನಗು ಬಾಯಲ್ಲೇ ಒಣಗಿತು.

ಹುಬ್ಬತಲೈ ಆಚೆಯ ತನ್ನ ಹಟ್ಟಿಗೆ ಬಂದಾಗ ಮನೆಯ ಮುಂದೆ ಕೆಂಪಿ ಕೂತಿದ್ದಳು. ತೀರಿಹೋದ ಮಾದನ ಹೆಂಡತಿ, ಕಾರಿಬೆಟ್ಟನಿಗೆ ದೊಡ್ಡವ್ವೆಯ ಸಾಲಿನವಳು. ಅವಳ ಇಬ್ಬರು ಗಂಡುಮಕ್ಕಳು, ನಂಜುಂಡ ಮತ್ತು ನಾಗ, ಅಪ್ಪನ ಭೂಮಿಗಾಗಿ ವರ್ಷದಿಂದ ಹೊಗೆಯಾಡುತ್ತಿದ್ದರು. ಮೇಲಿನ ಇಳಿಜಾರಿನಲ್ಲಿ ಟೀ ನೆಟ್ಟವನು ಕಿರಿಯವನಾದ ನಾಗ. ಪಟ್ಟಾ ಇದ್ದದ್ದು ದೊಡ್ಡವನ ಹೆಸರಿನಲ್ಲಿ. ಗಿಡ ಎಲೆ ಕೊಡತೊಡಗಿದ ಮೇಲೆ ಇಬ್ಬರಿಗೂ ಅದೇ ತುಂಡು ಬೇಕಾಯಿತು.

ಕಾರಿಬೆಟ್ಟ ತಲೆ ಬಾಗಿದ. ಅವಳು ಅವನ ನೆತ್ತಿ ಮುಟ್ಟಿ, "ಬದುಕು, ಬದುಕು," ಎಂದಳು. ಕೈಯನ್ನು ಕೂಡಲೇ ತೆಗೆಯಲಿಲ್ಲ.

"ನಾಳೆ ಕೂಟ, ಗೌಡ. ಎನ್ನ ಎರಡು ಮಕ್ಕಳೂ ಮುರುಟಿಕೊಂಡು ಕೂತಾರೆ. ಒಬ್ಬ ಉಂಡ ಮನೆಲಿ ಒಬ್ಬ ನೀರು ಕುಡಿಯ. ಆದರೂ ನೀ ಕರೆದರೆ ಬಂದಾರು. ಮೂರನೇ ಕರೆಗೆ ಏಳದವ ಈ ಹಟ್ಟಿಲಿ ಹುಟ್ಟಿಲ್ಲೆ."

"ಕರೆದೇನು, ಅವ್ವೆ. ಎನ್ನ ಮಾತು."

"ನಿನ್ನ ಮಾತು ಎನಗೇಕೆ? ಕರೆ, ಸಾಕು."

ಮರುದಿನ ಊರು ಕೂಡುವ ಬಯಲಾದ ಮಂದೆಯ ಹುಲ್ಲಿನ ಮೇಲೆ ಗಂಡಸರು ಕೂತರು. ಹೆಂಗಸರು ದೂರದಲ್ಲಿ ಗೋಡೆಯ ಮರೆಗೆ ನಿಂತರು. ಹಿರಿಯರು ಹೊತ್ತು ಇಳಿಯುವವರೆಗೆ ಇಬ್ಬರನ್ನೂ ಕೇಳಿದರು, ಬೈದರು, ಅಪ್ಪನ ಹೆಸರು ಹಿಡಿದು ನಾಚಿಸಿದರು. ಕೊನೆಗೆ, ಟೀ ಇಳಿಜಾರನ್ನು ನಡುವೆ ಸೀಳುವುದು, ತೊರೆಯ ಬದಿಯ ಆಲೂಗಡ್ಡೆ ಹೊಲವನ್ನು ದೊಡ್ಡವನಿಗೆ ಬಿಡುವುದು ಎಂದರು. ತೀರ್ಪು ಕೆಟ್ಟದ್ದೇನಲ್ಲ. ಆದರೆ ಆ ಹಟ್ಟಿಯಲ್ಲಿ ಜಗಳ ತೀರ್ಪಿನಿಂದ ಮುಗಿಯುವುದಿಲ್ಲ. ಹಾಲುಮನೆಯಿಂದ ತಂದ ಹಾಲಿನ ಗಡಿಗೆಯನ್ನು ಗೌಡ ಎರಡು ಕೈಯಲ್ಲಿ ಎತ್ತಿ ಹಿಡಿದು, ಜಗಳವಾಡಿದವರನ್ನು ಮೂರು ಸಲ ಕರೆಯಬೇಕು. ಇಬ್ಬರೂ ಬಂದು ಗಡಿಗೆ ಮುಟ್ಟಿದರೆ ಜಗಳ ಸತ್ತಂತೆ. ಮೊದಲ ಕರೆಗೆ ಯಾರೂ ಏಳರು, ಎದ್ದವನು ಸೋತವನು. ಎರಡನೆಯದಕ್ಕೂ ಏಳರು. ಮೂರನೆಯದಕ್ಕೆ ಇಬ್ಬರೂ ಒಟ್ಟಿಗೆ ಏಳುತ್ತಾರೆ. ಆಗ ಎದ್ದರೆ ಸೋಲಲ್ಲ, ಕರೆದವನ ಮಾನ ಕಾಯ್ದಂತೆ. ಯಾರೂ ಮುಟ್ಟದೆ ಗಡಿಗೆ ಕೆಳಗಿಳಿದರೆ ಆ ಮಾತು ಮತ್ತೆ ಮಂದೆಗೆ ಬರುವಂತಿಲ್ಲ. ಹಾಗೆ ಇಳಿದದ್ದನ್ನು ಕಂಡವರು ಯಾರೂ ಈಗ ಬದುಕಿರಲಿಲ್ಲ.

"ಮಾದನ ಮಕ್ಕಳೇ, ಹಾಲು ಮುಟ್ಟ ಬನ್ನಿ," ಎಂದು ಕಾರಿಬೆಟ್ಟ ಕರೆದ.

ನಂಜುಂಡ ಹುಲ್ಲು ಕೀಳುತ್ತಿದ್ದ. ನಾಗ ಬೆಟ್ಟ ನೋಡುತ್ತಿದ್ದ.

"ಮಾದನ ಮಕ್ಕಳೇ, ಹಾಲು ಮುಟ್ಟ ಬನ್ನಿ."

ಪಡುವಣದಿಂದ ತಣ್ಣನೆಯ ಗಾಳಿ ಬಂತು. ನಡುವಟ್ಟಂ ಕಡೆಯ ಬೆಟ್ಟಗಳ ಮೇಲೆ ಒಂದು ಸಾಲು ಮೋಡ, ಅದರ ಹಿಂದೆ ಇನ್ನೊಂದು. ಕಾರಿಬೆಟ್ಟ ಮೋಡ ನೋಡಿದ. ಕರಗುವ ಗೋಡೆ ಕಂಡಿತು, ತಂಗಮಣಿಯ ಅರ್ಧ ಪಡಿ ಅಕ್ಕಿ ಕಂಡಿತು, ಆಮೇಲೆ ತೆರೆದ ರಿಜಿಸ್ಟರಿನಲ್ಲಿ ಎಂಟನೆಯ ದಾವೆಗಾಗಿ ಕಾದಿದ್ದ ಖಾಲಿ ಗೆರೆ ಕಂಡಿತು. ಬಾಯಿ ತೆರೆದೇ ಇತ್ತು. ನಾಲಿಗೆಯ ಮೇಲೆ ಮಾದನ ಹೆಸರೂ ಇತ್ತು. ನಾಗ ಏಳಲೆಂದು ಆಗಲೇ ಒಂದು ಅಂಗೈಯನ್ನು ನೆಲಕ್ಕೆ ಊರಿದ್ದ. ನಂಜುಂಡ ಮುಂಡಾಸು ಸರಿಪಡಿಸಿಕೊಂಡಿದ್ದ.

ಗಡಿಗೆ ಮೆಲ್ಲಗೆ ಇಳಿಯಿತು. ಇಳಿಸುತ್ತಿರುವುದು ತನ್ನದೇ ಕೈ ಎಂದು ಕಾರಿಬೆಟ್ಟನಿಗೆ ತಿಳಿಯುವಷ್ಟರಲ್ಲಿ ಅದರ ತಳ ಕಲ್ಲಿಗೆ ತಾಗಿ ಸದ್ದಾಗಿತ್ತು.

ಗೌಡನಿಗೆ ಇನ್ನೊಬ್ಬರು ಮಾತು ಎತ್ತಿಕೊಡುವ ವಾಡಿಕೆ ಇಲ್ಲ. ಇವರಿಬ್ಬರ ಎದೆಯಲ್ಲಿ ವಿಷ ಉಳಿದದ್ದನ್ನು ಗೌಡ ಕಂಡಿರಬೇಕು ಎಂದುಕೊಂಡು ಹಿರಿಯರು ಕಂಬಳಿ ಕೊಡವಿ ಎದ್ದರು. ನಾಗ ಊರಿದ ಅಂಗೈಯನ್ನು ತೊಡೆಗೆ ಒರೆಸಿಕೊಂಡ.

"ಹಂಗಾರೆ ಆತು," ಎಂದ, ಯಾರ ಮುಖವನ್ನೂ ನೋಡದೆ. "ಕೋರ್ಟು ಉಂಟಲ್ಲಾ."

ಗೋಡೆಯ ಮರೆಯಲ್ಲಿ ಕೆಂಪಿ ಅಳಲಿಲ್ಲ. ಕರೆ ಇನ್ನೂ ಬಾಕಿ ಇದೆ ಎಂಬಂತೆ ಕಿವಿಯ ಮೇಲಿನ ಸೆರಗು ಸರಿಸಿ ನಿಂತೇ ಇದ್ದಳು.

ಎಂಟು ದಿನದಲ್ಲಿ ನಾಗ ಮೂರು ಎಮ್ಮೆ ಮಾರಿ, ಶುಲ್ಕ ಕಟ್ಟಿ, ಅಣ್ಣನ ಮೇಲೆ ಪಾಲಿನ ದಾವೆ ಹೂಡಿದ. ಮರುವಾರ ಗೋದಾಮಿನಿಂದ ತಗಡು ಬಂತು. ಕೊನೆಯ ಮೊಳೆ ಹೊಡೆದು ಆಳುಗಳು ಏಣಿ ಇಳಿಯುತ್ತಿರುವಾಗಲೇ ಮೊದಲ ಹನಿ ಬಿತ್ತು. ತಂಗಮಣಿ ಕೂಲಿಯನ್ನು ಸೆರಗಿಗೆ ಕಟ್ಟಿಕೊಂಡು, "ಗೌಂಡರ್ ದೇವರು," ಎಂದಳು. ಕಾರಿಬೆಟ್ಟ ಅವಳನ್ನು ಗದರಿಸಿಬಿಟ್ಟ.

ಆಷಾಢದ ಹೊತ್ತಿಗೆ, ಆಡಿ ತಿಂಗಳಲ್ಲಿ, ಹಟ್ಟಿಯ ಮುದುಕನೊಬ್ಬ ಸತ್ತ. ಶವದ ಮುಂದೆ ನಿಂತು ಹಿರಿಯನೊಬ್ಬ, ಎಂದಿನಂತೆ, ಸತ್ತವನು ಮಾಡಿದ್ದಿರಬಹುದಾದ ಪಾಪಗಳನ್ನೆಲ್ಲ ರಾಗವಾಗಿ ಹೇಳುತ್ತ ಹೋದ; ಒಂದೊಂದಕ್ಕೂ ಜನ "ಪಾಪ" ಎಂದು ದನಿಗೂಡಿಸಿದರು. ಹಾಗೆ ಹೇಳಿ ಮುಗಿಸಿದರೆ ಸತ್ತವನ ದಾರಿ ಹಗುರ. ಚಿಕ್ಕಂದಿನಿಂದ ಕೇಳಿ ಕಾರಿಬೆಟ್ಟನಿಗೆ ಆ ಸಾಲುಗಳು ಉಸಿರಿನಷ್ಟು ಪರಿಚಯ. ಆ ದಿನ ಕಿವಿಗೊಟ್ಟು ಕಾದ. ಕೈ ಮಾಡಿದ ಪಾಪ ಬಂತು, ಕಾಲು ತುಳಿದ ಪಾಪ ಬಂತು, ನಾಲಿಗೆ ಆಡಿದ ಪಾಪ ಬಂತು. ಆಡದೆ ಬಿಟ್ಟ ಮಾತಿಗೆ ಸಾಲೇ ಇರಲಿಲ್ಲ.

ವಿಚಾರಣೆಯ ಮೊದಲ ದಿನವೂ ಮಳೆ. ಹೊಸ ಜಗಲಿಯ ಈ ತುದಿಯಲ್ಲಿ ನಂಜುಂಡ, ಆ ತುದಿಯಲ್ಲಿ ನಾಗ, ಇಬ್ಬರೂ ಬಟ್ಟೆ ಒದ್ದೆಯಾಗದೆ ಕೂತಿದ್ದರು. ಒಳ್ಳೆಯ ಚಾವಣಿ, ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ. ಧರ್ಮಲಿಂಗಂ ಕಾಗದ ಹಿಡಿದು ಬಂದ.

"ನಿಮ್ಮವರದ್ದು ಮೂರು ತಿಂಗಳಿಗೆ ವಾಯಿದೆ ಬಿತ್ತು. ಪಾಲಿನ ದಾವೆ ಅಲ್ವಾ, ಹತ್ತು ವರ್ಷಕ್ಕೆ ಮೋಸ ಇಲ್ಲ. ಇನ್ನೊಂದು ಸುದ್ದಿ ಕೇಳಿ. ಇವರನ್ನ ನೋಡಿ ನಿಮ್ಮ ಹಟ್ಟಿಯಿಂದ್ಲೇ ಮತ್ತೆ ನಾಲ್ಕು ದಾವೆ ಬಂದ್ವು! ಅಂಗಳದ ಆಚೆ ಬದಿಗೂ ಜಗಲಿ ಕಟ್ಟಿಸ್ತಾರಂತೆ."

"ಬೇರೆ ಯಾರಿಗಾದರೂ ಕೊಡಿ."

"ಬೇರೆಯವರು ಯಾಕೆ? ಮೊದಲ ಕಂತ್ರಾಟಿಗೆ ನೀವು ಕಟ್ಟಿದ್ದ ಠೇವಣಿ ಇಲ್ಲೇ ಇತ್ತು, ಅದನ್ನೇ ಇದಕ್ಕೆ ಜಮಾ ಮಾಡಿಸ್ದೆ. ಕಲ್ಲಿನವರಿಗೂ ಹೇಳಾಯ್ತು. ರುಜು ಒಂದು ಬಾಕಿ." ಅವನು ನಿಜವಾಗಿಯೂ ಉಪಕಾರ ಮಾಡಿದ ಖುಷಿಯಲ್ಲಿದ್ದ.

ಕಾರಿಬೆಟ್ಟ ಗೋಡೆಗೆ ಕಾಗದ ಒತ್ತಿಹಿಡಿದು ರುಜು ಹಾಕಿದ.

ತಿರುಗಿದಾಗ ಅಂಗಳದ ನಡುವೆ ಕೆಂಪಿ ಕಂಡಳು. ಮಳೆ ಜಿನುಗಿಗೆ ಇಳಿದಿತ್ತು. ತಲೆಯ ಮೇಲಿನ ಬಿಳಿ ಬಟ್ಟೆ ನೆತ್ತಿಗೆ ಅಂಟಿತ್ತು. ಸೆರಗಿನ ಮರೆಯಲ್ಲಿ ಎರಡು ಬುತ್ತಿ.

"ಒಳಗೆ ಬಾ, ಅವ್ವೆ. ನೆನೆಯುತ್ತೀಯೆ," ಎಂದು ಕೂಗಿದ.

"ಎತ್ತ ಕೂರಲಿ, ಗೌಡ?"

ದಾರಿ ಕೇಳುವವರಂತೆ ಕೇಳಿದಳು. ಕಾರಿಬೆಟ್ಟ ಈ ತುದಿ ನೋಡಿದ, ಆ ತುದಿ ನೋಡಿದ. ನಂಜುಂಡ ಮೊಣಕಾಲಿನ ನಡುವೆ ತಲೆ ಹುದುಗಿಸಿದ್ದ. ನಾಗ ಎದ್ದು ನಿಂತು, ಮತ್ತೆ ಕೂತ.

ಅಷ್ಟರಲ್ಲಿ ತಂಗಮಣಿಯೂ ಅವಳ ಗಂಡನೂ ಹೊಸ ಪಾಯಕ್ಕೆ ಗೂಟ ಹೊಡೆದು ದಾರ ಎಳೆಯುತ್ತ ಬಂದರು. ದಾರ ಮುದುಕಿಯ ಕಾಲ ಹತ್ತಿರ ಬಂದು ನಿಂತಿತು.

"ಪಾಟ್ಟಿ, ಸ್ವಲ್ಪ ಆಚೆ ನಿಲ್ಲಿ," ಎಂದಳು ತಂಗಮಣಿ. "ಇಲ್ಲಿ ಗೋಡೆ ಬರ್ತದೆ."

ಕೆಂಪಿ ಬುತ್ತಿಗಳನ್ನು ಎದೆಗೆ ಒತ್ತಿಕೊಂಡು, ಆ ದಾರವನ್ನು ತುಳಿಯದಂತೆ ಎಚ್ಚರದಿಂದ ಪಾದ ಎತ್ತಿ, ಒಂದು ಹೆಜ್ಜೆ ಆಚೆಗೆ ಸರಿದು ನಿಂತಳು.