ಕಾಣದ ಬಾತನ್ನು ಎಣಿಸಬೇಡಿ

ಶನಿವಾರ ಹನ್ನೆರಡು ಗಂಟೆಯೊಳಗೆ ಫಾರ್ಮ್ ಫ್ಯಾಕ್ಸ್ ಆಗಬೇಕಿತ್ತು. ಹತ್ತೂವರೆಯಾದರೂ ದ್ವಾರಕನಾಥ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

ಅವರು ವಿದೇಶದಲ್ಲಿ, ಸೆಂಬವಾಂಗ್‌ನ ಹಡಗುಕಟ್ಟೆಯಲ್ಲಿ ಎಂಜಿನಿಯರ್. ಪ್ರತಿ ಜನವರಿಯಲ್ಲೂ ಎರಡು ಭಾನುವಾರ ಒಂದು ಹಕ್ಕಿ ಸಂಘಕ್ಕಾಗಿ ಜೌಗುನೆಲದಲ್ಲಿ ವಲಸೆ ಬಾತುಗಳನ್ನು ಎಣಿಸುತ್ತಾರೆ. ಈ ಸಲ, ೧೯೯೬ರಲ್ಲಿ, ಮೊದಲ ಭಾನುವಾರ ಮೂರು ಗಂಟೆ ಹೊತ್ತು ಕೂತರೂ ಒಂದು ಬಾತೂ ಕಾಣಲಿಲ್ಲ.

"ಸೊನ್ನೆ ಅಂತ ಬರೀರಿ, ಮುಗೀತು," ಎಂದರು ಹೆಂಡತಿ ಶೋಭಾ.

"ಸೊನ್ನೆ ಬರೆದ್ರೆ ನಾನು ಹೋಗೇ ಇಲ್ಲ ಅನ್ಕೋತಾರೆ. ಇಪ್ಪತ್ನಾಲ್ಕು ಹಾಕ್ತೀನಿ. ಹೋದ್ವರ್ಷ ಇಪ್ಪತ್ತಾರು ಕೊಟ್ಟಿದ್ದೆ."

"ಇದೇನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇನ್ರೀ, ಸೊನ್ನೆ ಬಂದ್ರೆ ಮಾನ ಹೋಗೋಕೆ?"

ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಅರುಂಧತಿ ಬಂದರು. ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಸಂಘದ ಫಾರ್ಮ್‌ಗಳನ್ನೆಲ್ಲ ಒಟ್ಟುಗೂಡಿಸುವವರೂ ಅವರೇ.

"ನಿಮ್ದೊಂದೇ ಬಾಕಿ, ದ್ವಾರಕನಾಥ್."

"ಅಲ್ಲ ಅರುಂಧತಿ ಅವ್ರೇ, ಒಂದೂ ಕಾಣ್ಲಿಲ್ಲ, ಇಪ್ಪತ್ನಾಲ್ಕು ಅಂತ ಹಾಕ್ಬಿಡ್ತೀನಿ. ಇಲ್ಲಿ ಯಾರೂ ಬಾತು ಹೊಡೆಯಲ್ಲ. ನಮ್ಮ ನಂಬರ್ ಯಾರಿಗೆ ಬೇಕು?"

"ಇವೇ ಬಾತು ಉತ್ತರಕ್ಕೆ ವಾಪಸ್ ಹೋದ್ಮೇಲೆ ಬೇಟೆಗೆ ಲೈಸೆನ್ಸ್ ಕೊಡೋ ಕಡೆ ಇಳೀತವೆ. ದಾರಿಯುದ್ದಕ್ಕೂ ಎಣಿಸಿದ್ದನ್ನ ನೋಡಿ, ಈ ಸೀಸನ್ ಎಷ್ಟು ಹೊಡೀಬಹುದು ಅಂತ ಡಿಸೈಡ್ ಮಾಡ್ತಾರೆ. ನೀವು ಇಪ್ಪತ್ನಾಲ್ಕು ಬರೆದ್ರೆ, ಬೇಕಾದಷ್ಟಿವೆ, ಹೊಡೀರಿ ಅಂದ ಹಾಗೆ."

"ಒಂದು ಜಾಗದ ನಂಬರಿಂದ ಏನಾಗತ್ತೆ?"

"ನಿಮ್ಮ ಥರಾನೇ ಹತ್ತು ಜನ ಅನ್ಕೊಂಡ್ರೆ? ಕಣ್ತಪ್ಪಿದ್ರೆ ಒಬ್ರದು ಜಾಸ್ತಿ, ಒಬ್ರದು ಕಮ್ಮಿ, ಹೆಚ್ಚುಕಮ್ಮಿ ಸರಿಹೋಗತ್ತೆ. ಮರ್ಯಾದೆಗೋಸ್ಕರ ಬರೆಯೋರು ಎಲ್ರೂ ಜಾಸ್ತೀನೇ ಬರೀತಾರೆ. ಅದನ್ನ ಯಾವ ಫಾರ್ಮುಲಾನೂ ಸರಿಮಾಡಲ್ಲ."

"ಎರಡನೇ ಭಾನುವಾರ ಓವರ್‌ಟೈಮ್ ಇತ್ತು, ಹೋಗಿಲ್ಲ. ಅದಕ್ಕೂ ಸೊನ್ನೇನಾ?"

"ಅಯ್ಯೋ, ಬೇಡ! ನೋಡಿಯೂ ಕಾಣದಿದ್ರೆ ಸೊನ್ನೆ. ಹೋಗದಿದ್ರೆ 'ಹೋಗಿಲ್ಲ' ಅಂತ."

ದ್ವಾರಕನಾಥ ಪೆನ್ನನ್ನು ಪಕ್ಕಕ್ಕೆ ಸರಿಸಿದರು.

"ಏನ್ರೀ, ಫ್ಯಾನ್ ಕೆಳಗೂ ಬೆವರ್ತಿದ್ದೀರಿ?" ಶೋಭಾ ಕೇಳಿದರು.

"ಹೋದ್ವರ್ಷ ಕಂಡಿದ್ದು ಒಂಬತ್ತೇ. ಇಪ್ಪತ್ತಾರು ನಾನೇ ಬರೆದಿದ್ದು."

ಅರುಂಧತಿ ಕುರ್ಚಿ ಎಳೆದುಕೊಂಡು ಕೂತರು. "ಆ ನಂಬರ್ ನಾನೇ ಕಳಿಸಿದ್ದೆ. ಅದರ ಮೇಲೆ ಒಂದು ಬೇಟೆ ಸೀಸನ್ನೂ ಮುಗೀತು."

"ಈಗ ಹೇಳಿದ್ರೆ ನಂಗೆ ಇನ್ಮೇಲೆ ಫಾರ್ಮೇ ಕೊಡಲ್ಲ."

"ಕೊಡದೇ ಇರಬಹುದು. ಆದ್ರೆ ಇಪ್ಪತ್ತಾರಿದ್ದದ್ದು ಒಂದೇ ಸಲ ಸೊನ್ನೆ ಅಂದ್ರೆ, ಎಣಿಸಿದೋನೇ ಸರಿಯಿಲ್ಲ ಅಂತ ಪಕ್ಕಕ್ಕಿಡ್ತಾರೆ. ಒಂಬತ್ತರಿಂದ ಸೊನ್ನೆ ಅಂದ್ರೆ ನಂಬ್ತಾರೆ."

ಶೋಭಾ ಇನ್ನೊಂದು ಬಿಳಿ ಹಾಳೆ ತಂದಿಟ್ಟರು.

ದ್ವಾರಕನಾಥ ಫಾರ್ಮಿನಲ್ಲಿ ಬರೆದರು: ಮೊದಲ ಭಾನುವಾರ, ಮೂರು ಗಂಟೆ ನೋಡಿದೆ, ಸೊನ್ನೆ. ಎರಡನೇ ಭಾನುವಾರ, ಹೋಗಿಲ್ಲ. ಬಿಳಿ ಹಾಳೆಯಲ್ಲಿ ಬರೆದರು: ಕಳೆದ ವರ್ಷ ಕಂಡದ್ದು ಇಪ್ಪತ್ತಾರಲ್ಲ, ಒಂಬತ್ತು. ತಪ್ಪು ನನ್ನದು.

ಎರಡೂ ಹಾಳೆ ಹಿಡಿದು ಬ್ಲಾಕಿನ ಕೆಳಗಿನ ಅಂಗಡಿಯಿಂದ ಸಂಘದ ಕಚೇರಿಗೆ ಫ್ಯಾಕ್ಸ್ ಮಾಡಿದರು. ಮುಂದಿನ ಜನವರಿಗೆ ತಮಗೆ ಫಾರ್ಮ್ ಬರುತ್ತದೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಬಾತು ಬರುತ್ತವೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಿಮ್ಮ ಮನೆಯಲ್ಲೂ ಎಣಿಕೆಯ ಫಾರ್ಮ್ ಬಿದ್ದಿದೆಯೇ? ಕಂಡಷ್ಟನ್ನೇ ಬರೆಯಿರಿ. ಎಷ್ಟು ಹೊತ್ತು ನೋಡಿದಿರಿ ಎಂಬುದನ್ನೂ ಬರೆಯಿರಿ. ಹಿಂದೆ ಸುಳ್ಳು ಬರೆದಿದ್ದರೆ ಇವತ್ತೇ ತಿಳಿಸಿ, ನಾಚಿಕೆಯಾದರೂ ತಿಳಿಸಿ. ಕಾಗದದ ಮೇಲಿನ ಬಾತು ಮೊಟ್ಟೆ ಇಡುವುದಿಲ್ಲ.