ಕೆಲಸ ಮಾಡದ ಸಾಲು

ಮ್ಯಾನೇಜರು ಬಕೆಟ್ಟಕ್ಕನ ಮುಂದೆ ಕಾಗದ ತಳ್ಳಿದರು. ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದುಕೊಟ್ಟರು.

"ಸೈನ್ ಹಾಕಿ. ಆ ಒಂದು ಗೀಸರಿನ ಸೆನ್ಸರ್ ಕೆಟ್ಟಿತ್ತು, ಪರೀಕ್ಷೆ ಮಾಡುವಾಗ ನಾನು ಗಮನಿಸಲಿಲ್ಲ ಅಂತ. ಅಷ್ಟೇ, ದೊಡ್ಡ ವಿಷಯ ಏನಲ್ಲ."

ದೊಡ್ಡ ವಿಷಯ ಅಲ್ಲವಂತೆ! ವೃದ್ಧಾಶ್ರಮದಲ್ಲಿ ಅಜ್ಜಿಯೊಬ್ಬರು ನಮ್ಮ ಗೀಸರಿನ ನೀರಿಗೆ ಕಾಲಿಟ್ಟು, ಪಾದದ ಚರ್ಮ ಸುಲಿದು ಹೋಗಿತ್ತು. ನಲವತ್ತು ಡಿಗ್ರಿಗೆ ತಾನೇ ಆರಬೇಕಾದ ಗೀಸರು ಆರಿರಲಿಲ್ಲ. ಅಲ್ಲಿಯ ನರ್ಸ್ ನೀರನ್ನು ಅಳೆದು ನೋಡಿದಾಗ ಅರವತ್ತನಾಲ್ಕು.

ಬಕೆಟ್ಟಕ್ಕ ನಮ್ಮ ಕಾರ್ಖಾನೆಯ ಪರೀಕ್ಷಕಿ. ಗೀಸರನ್ನು ನಡೆಸುವ ಪ್ರೋಗ್ರಾಮಿನಲ್ಲಿ ಒಂದು ಚುಕ್ಕೆ ಬದಲಾದರೂ ಅದರ ನೀರನ್ನು ಬಕೆಟ್ಟಿಗೆ ಬಿಟ್ಟು, ಥರ್ಮಾಮೀಟರ್ ಅದ್ದಿ, ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುವುದು ಅವರ ಕೆಲಸ. ಆ ಚೀಟಿ ಬರದೆ ಗೀಸರಿನ ಎಲೆಕ್ಟ್ರಾನಿಕ್ ಚಿಪ್ಪುಗಳಿಗೆ ಪ್ರೋಗ್ರಾಂ ತುಂಬುವಂತಿಲ್ಲ. ಹದಿನೇಳು ವರ್ಷಗಳ ಪದ್ಧತಿ.

"ನನ್ನ ಬಕೆಟ್ಟಲ್ಲಿ ನಲವತ್ತೇ ಬಂದಿದ್ದು. ಚೀಟಿ ಇದೆ, ನೋಡಿ," ಎಂದರು ಅಕ್ಕ.

"ನಿಮ್ಮ ಥರ್ಮಾಮೀಟರಿಗೂ ವಯಸ್ಸಾಯ್ತೇನೋ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ, ಎಮ್ಮೆಯ ಕೈಗೇ ಕಾದ ಕಬ್ಬಿಣ ಕೊಟ್ಟು "ನೀನೇ ಎಳ್ಕೋ" ಅನ್ನುವುದನ್ನು ಅಂದೇ ನೋಡಿದ್ದು.

ನನಗೆ ಅರವತ್ತನಾಲ್ಕು ಎಂಬ ಅಂಕಿ ಚುಚ್ಚುತ್ತಿತ್ತು. ಸೆನ್ಸರ್ ಕೆಟ್ಟರೆ ಅರವತ್ತೊಂದೋ ಎಪ್ಪತ್ತೋ ಬರಬಹುದು. ಇದು ನಾಲ್ಕು ಸಲ ಹದಿನಾರು, ಸರಿಯಾಗಿ. ಪ್ರೋಗ್ರಾಂ ಬರೆದವನು ನಾನು. ಎದ್ದು ನನ್ನ ಮೇಜಿಗೆ ಹೋಗಿ, ಚಿಪ್ಪುಗಳಿಗೆ ತುಂಬಿದ ಫೈಲು ತೆರೆದೆ. ಮೊದಲ ಪುಟ ನೋಡಿದ ಕೂಡಲೇ ಮೈ ಉರಿದುಹೋಯಿತು.

ಫೈಲಿನ ತಲೆಯಲ್ಲಿ ನನ್ನ ಸ್ಥಿರಾಂಕಗಳು ಇದ್ದ ಹಾಗೇ ಇದ್ದವು. ಎಷ್ಟು ಸೆಕೆಂಡಿಗೊಮ್ಮೆ ನೀರು ನೋಡಬೇಕು, 5. ಎಷ್ಟು ಸಲ ನೋಡಿ ಖಚಿತಪಡಿಸಿಕೊಳ್ಳಬೇಕು, 3. ನೀರಿನ ಮಿತಿ, 40. ಆದರೆ ಅವುಗಳ ಮೇಲಿದ್ದ ಒಂದು ಸಾಲು ಇರಲಿಲ್ಲ. ಕೆಳಗಿನ ಅಂಕಿಗಳನ್ನು ಹತ್ತರ ಲೆಕ್ಕದಲ್ಲಿ ಓದಿಕೋ ಎಂಬ ಡೈರೆಕ್ಟಿವ್. ಅದನ್ನು ಹೇಳದಿದ್ದರೆ, ನಾನು ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ನಮ್ಮ ಅಸೆಂಬ್ಲರ್ ಎಲ್ಲವನ್ನೂ ಹದಿನಾರರ ಲೆಕ್ಕದಲ್ಲಿ ಓದುತ್ತದೆ. ಐದು, ಮೂರು ಯಾವ ಲೆಕ್ಕದಲ್ಲೂ ಐದು, ಮೂರೇ. ನಲವತ್ತು ಮಾತ್ರ, ನಾಲ್ಕು ಹತ್ತಿನ ಬದಲು ನಾಲ್ಕು ಹದಿನಾರಾಗಿ, ಅರವತ್ತನಾಲ್ಕಾಗುತ್ತದೆ.

ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಹೋಗಿ ಮ್ಯಾನೇಜರ ಮುಂದೆ ಕುಕ್ಕಿದೆ.

"ಇಲ್ಲಿದ್ದ ಸಾಲು ಎಲ್ಲಿ ಹೋಯ್ತು ಸಾರ್?"

"ಓ, ಅದಾ? ಫೈಲು ಕ್ಲೀನ್ ಮಾಡಿದೆ. ಅದು ಚಿಪ್ಪಿಗೆ ಹೋಗೋ ಸಾಲೇ ಅಲ್ಲವಲ್ಲ. ಅದ್ರಿಂದ ಒಂದು ಬೈಟ್ ಕೋಡೂ ಹುಟ್ಟಲ್ಲ. ಕೆಲಸ ಮಾಡದ ಸಾಲು ಇಟ್ಕೊಂಡು ಏನು ಪೂಜೆ ಮಾಡ್ತೀರಾ?"

ಬೆನ್ನ ಹಿಂದೆ ಇವರನ್ನು ಎಲ್ಲರೂ ಕತ್ತರಿ ಅನ್ನುವುದು ಸುಮ್ಮನೆಯಲ್ಲ.

"ಚಿಪ್ಪಿಗೆ ಹೇಳೋ ಮಾತಲ್ಲ ಸಾರ್ ಅದು, ಚಿಪ್ಪಿಗೆ ಬರೆದುಕೊಡೋ ಅಸೆಂಬ್ಲರ್‌ಗೆ ಹೇಳೋದು! ದರ್ಜಿಗೆ ಅಳತೆ ಚೀಟಿ ಕೊಡ್ತೀರಿ, ಮೇಲೆ 'ಇಂಚು' ಅಂತ ಬರೆದಿರ್ತೀರಿ. ಆ ಪದವನ್ನೇನು ಅವನು ಅಂಗಿಗೆ ಹೊಲೀತಾನಾ? ಇಲ್ಲ. ಹಾಗಂತ ಹೊಡೆದುಹಾಕಿ ನೋಡಿ, ಅಂಗಿ ಯಾರ ಮೈಗೆ ಬರುತ್ತೆ ಅಂತ!"

"ಧ್ವನಿ ಕಡಿಮೆ ಮಾಡಿ."

"ಮೂವತ್ತು ಗೀಸರಿಗೂ ಇದೇ ಪ್ರೋಗ್ರಾಂ ಹೋಗಿದೆ. ಒಂದು ಸಿಕ್ಕಿಬಿತ್ತು. ಅಕ್ಕ ಇದಕ್ಕೆ ಸೈನ್ ಹಾಕಿದ್ರೆ ಬಾಕಿ ಇಪ್ಪತ್ತೊಂಬತ್ತನ್ನ ಯಾರು ನೋಡ್ತಾರೆ? ಈ ಹೊತ್ತಲ್ಲೂ ಅವು ಕಾಯ್ತಾ ಇವೆ ಸಾರ್!"

ಬಕೆಟ್ಟಕ್ಕ ತಲೆಯೆತ್ತಿದರು. "ಕ್ಲೀನ್ ಮಾಡಿದ ಮೇಲೆ ನನ್ನ ಬಕೆಟ್ಟಿಗೆ ಯಾಕೆ ಬರಲಿಲ್ಲ ಅದು?"

"ಕೋಡು ಮುಟ್ಟೇ ಇಲ್ಲ ಅಂದಮೇಲೆ ಎಂಥ ಪರೀಕ್ಷೆ?" ಮ್ಯಾನೇಜರು ನನ್ನ ಕಡೆ ತಿರುಗಿದರು. ದನಿ ಈಗ ಬೆಣ್ಣೆಯಂತಿತ್ತು. "ಅಲ್ಲಾ, ಬದಲಾವಣೆ ಹಾಳೆಗೆ 'ನೋಡಿದ್ದೇನೆ' ಅಂತ ಸೈನ್ ಹಾಕಿದ್ದು ಯಾರು? ನಾನಾ?"

ಆ ಮಧ್ಯಾಹ್ನ ನೆನಪಾಯಿತು. ಮಗಳಿಗೆ ಮೈ ಸುಡುತ್ತಿದೆ, ಬಂದು ಕರೆದುಕೊಂಡು ಹೋಗಿ ಎಂದು ಶಾಲೆಯಿಂದ ಫೋನು ಬಂದಿತ್ತು. ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತವನ ಮುಂದೆ ಇವರು ಹಾಳೆ ಹಿಡಿದರು. ಒಂದು ಕಾಲಲ್ಲಿ ನಿಂತು ಗೀಚಿ ಓಡಿದೆ. ಒಂದು ಸಾಲನ್ನೂ ನೋಡಿರಲಿಲ್ಲ.

ಅಷ್ಟೇ ಆಗಿದ್ದರೆ ಮಗಳ ಜ್ವರದ ಹಿಂದೆ ಅಡಗಬಹುದಿತ್ತು. ನಲವತ್ತರ ಪಕ್ಕದಲ್ಲೇ ಹತ್ತರ ಲೆಕ್ಕದ ಗುರುತು ಹಾಕಲು ಬರುತ್ತದೆ, ಮೇಲಿನ ಸಾಲು ಹೋದರೂ ಅಂಕಿ ಕೆಡದ ಹಾಗೆ. ಹಾಕಿರಲಿಲ್ಲ. ಮೇಲೆ ಹೇಳಿದ್ದೇನಲ್ಲ, ಸಾಕು ಅನ್ನುವ ಸೋಮಾರಿತನ. ಅಲ್ಲಿಯವರೆಗೆ ಕತ್ತರಿಯ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ತಿರುಗಿ ನನ್ನ ಕೆನ್ನೆಗೇ ಬಾರಿಸಿತು.

ಅಕ್ಕನ ಮುಂದಿದ್ದ ಕಾಗದ ಎಳೆದುಕೊಂಡೆ. ಅವರ ಹೆಸರಿಗೆ ಅಡ್ಡಗೀಟು ಹಾಕಿದೆ. ಹಿಂಬದಿಯಲ್ಲಿ ಬರೆದೆ: ಯಾವ ಸಾಲು ತೆಗೆದದ್ದು, ಯಾರು ತೆಗೆದದ್ದು, ನೋಡದೆ ಸೈನ್ ಹಾಕಿದ್ದು ಯಾರು, ಪರೀಕ್ಷೆ ತಪ್ಪಿಸಿದ್ದು ಯಾರು. ಕೆಳಗೆ ಸೈನ್ ಹಾಕಿದೆ.

"ಮನೇಲಿ ಮಗು ಇದೆ ನಿಮಗೆ. ಸ್ವಲ್ಪ ಯೋಚನೆ ಮಾಡಿ," ಎಂದರು ಮ್ಯಾನೇಜರು.

"ಮಗು ಇರೋದಕ್ಕೇ ಸಾರ್. ಅವಳಿಗೂ ನಾನೇ ಬಿಸಿನೀರು ಹದ ಮಾಡೋದು."

ಬಕೆಟ್ಟಕ್ಕ ಮೆಚ್ಚುತ್ತಾರೆ ಅಂದುಕೊಂಡಿದ್ದೆನೋ ಏನೋ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೈನ್ ಹಾಕೋದ್ರಲ್ಲಿ ನೀನು ಶೂರ ಬಿಡಪ್ಪಾ. ಅವತ್ತೂ ಹಾಕಿದೆ, ಇವತ್ತೂ ಹಾಕಿದೆ. ನನ್ನ ಬಕೆಟ್ಟಿಗೆ ಬಂತಾ ಅಂತ ಒಂದು ಮಾತು ಕೇಳಿದ್ದಿದ್ರೆ ಆ ಮುದುಕಿ ಕಾಲು ಉಳೀತಿತ್ತು."

ಉತ್ತರಕ್ಕೆ ಅವರು ಕಾಯಲಿಲ್ಲ. ಮ್ಯಾನೇಜರ ಮೇಜಿನ ಫೋನನ್ನು ತಮ್ಮ ಕಡೆ ಎಳೆದುಕೊಂಡು ಕೈಚಾಚಿದರು.

"ಗೀಸರು ಹೋದ ಮನೆಗಳ ಪಟ್ಟಿ ಕೊಡಿ."

ಮ್ಯಾನೇಜರು ಅಲುಗಲಿಲ್ಲ. ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ತೆರೆದು ಮೊದಲ ನಂಬರು ಓದಿದೆ. ಅಕ್ಕ ಒತ್ತಿದರು. ಆ ಕಡೆ ಯಾರೋ ಎತ್ತಿದರು.

"ಮೊದಲು ಗೀಸರಿನ ಸ್ವಿಚ್ ಆರಿಸಿ ಬನ್ನಿ ತಾಯೀ, ಆಮೇಲೆ ಬೈಯೋರಂತೆ. ನಾನು ಫೋನು ಇಡಲ್ಲ."